ಶುಕ್ರಸಂಕ್ರಮಣದ ರಘುನಾಥಾಚಾರ್ಯರು

ದೂರದರ್ಶಕವು ಒಂದು ಬಾರಿಗೆ ಒಂದೇ ಕಣ್ಣಿಗೆ ದರ್ಶನವೀಯುವ ಸಾಧನ. ಬೆಂಗಳೂರಿನ ತ್ಯಾಗರಾಜನಗರದಂತಹ ಬಡಾವಣೆಯ ತಾರಸಿಯ ಮೇಲೆ ಅದನ್ನಿರಿಸಿ ನೆರೆಹೊರೆಯವರಿಗೆ ಶನಿಗ್ರಹವನ್ನು ತೋರಿಸಹೊರಟವರು ಇದರ ಕಷ್ಟವನ್ನು ಬಲ್ಲರು. ಬೀದಿದೀಪಗಳ ಪ್ರಭೆಯು ಆಕಾಶವನ್ನು ಮಸುಕಾಗಿಸುತ್ತದೆ. ಭೂಮಿಯು ತಿರುಗುತ್ತಿರುವುದರಿಂದ ಗ್ರಹವು ನೋಟದಿಂದ ಜಾರಿಹೋಗುತ್ತದೆ. ಸರದಿಯಲ್ಲಿ ಬಂದ ಬಾಲಕನು ಕೊಳವೆಯನ್ನು ಹಿಡಿದೊಡನೆ ಎಲ್ಲವೂ ಅಲುಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಕಂಡದ್ದು ಏನೆಂದು ತಿಳಿಯದೆಯೇ ನೋಡಿದವನು ಮರಳುವುದು. ಈ ತೊಡಕನ್ನು ನೀಗಲು 1874ರಷ್ಟು ಹಿಂದೆಯೇ ಶ್ರಮಿಸಿದವರು ಮದರಾಸಿನ ಚಿಂತಾಮಣಿ ರಘುನಾಥಾಚಾರ್ಯರು.

ಮದರಾಸಿನ ವೀಕ್ಷಣಾಲಯದಲ್ಲಿ ದೀರ್ಘಕಾಲ ದುಡಿದ ಆಚಾರ್ಯರು ನಾರ್ಮನ್ ಪಾಗ್‌ಸನ್ನರ ಪ್ರಥಮ ಸಹಾಯಕರಾಗಿದ್ದರು. 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ಚಂಚಲಕಾಂತಿಯ ನಕ್ಷತ್ರವನ್ನು ಕಂಡುಹಿಡಿದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ವೀಕ್ಷಣೆಗಾಗಿ ವನಪರ್ತಿಗೆ ತೆರಳಿದರು. 1872ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯು ಅವರನ್ನು ಫೆಲೋ ಆಗಿ ಆರಿಸಿತು.

1874ರ ಡಿಸೆಂಬರ್ 9ರ ಬೆಳಿಗ್ಗೆ ಶುಕ್ರನು ಸೂರ್ಯಬಿಂಬದ ಮೇಲೆ ಹಾದುಹೋಗಲಿದ್ದನು. 1882ರ ಸಂಕ್ರಮಣದ ವೇಳೆಗೆ ಭಾರತದಲ್ಲಿ ರಾತ್ರಿ, ಅನಂತರದ್ದು 2004ರಲ್ಲಿ. ಆ ತಲೆಮಾರಿಗೆ ಒದಗಿದ್ದು ಈ ಒಂದೇ ಮುಂಜಾನೆ. ಕಾಣುವುದಾದರೂ ಏನು? ಸೂರ್ಯಬಿಂಬದ ಮೂವತ್ತನೆಯ ಒಂದು ಪಾಲಿನಷ್ಟು ಅಗಲದ ಕರಿಯ ಚುಕ್ಕೆ. ಅದರಿಂದ ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ಅಳೆಯಬಹುದೆಂಬ ಸಂಗತಿಯು ಅರಿಯದವನಿಗೆ ಹೊಳೆಯುವುದೆಂತು? ಊರೂರಿಗೂ ದೂರದರ್ಶಕವನ್ನು ಒಯ್ಯುವುದಂತೂ ಆಗದ ಮಾತು.

ಆಚಾರ್ಯರು ಲೇಖನಿಯನ್ನು ಹಿಡಿದರು. ಮೊದಲು ತಮಿಳಿನಲ್ಲಿ ಯೋಜಿಸಿದ ಅವರ ಕಿರುಹೊತ್ತಗೆಯು ಕನ್ನಡ, ಉರ್ದು, ಇಂಗ್ಲಿಷ್ ಮೊದಲಾದ ಭಾಷೆಗಳಲ್ಲಿಯೂ ಸಿದ್ಧವಾಯಿತು. ಸಿದ್ಧಾಂತಿಯೊಬ್ಬನಿಗೂ ಪಂಡಿತರಿಗೂ ನಡೆಯುವ ಸಂವಾದವೇ ಅದರ ರೂಪ. ಹಳೆಯ ಶಾಸ್ತ್ರವನ್ನು ಜರೆಯುವುದು ಅವರ ಉದ್ದೇಶವಾಗಿರಲಿಲ್ಲ. ಕಣ್ಣಾರೆ ಕಂಡು ಗಣಿತವನ್ನು ತಿದ್ದಿಕೊಳ್ಳಬೇಕೆಂಬುದು ಅವರ ಆಗ್ರಹ. ತಾವೇ ದೃಗ್ಗಣಿತ ಪಂಚಾಂಗವನ್ನು ಹೊರತರುತ್ತಿದ್ದವರಿಗೆ ಆ ಮಾತನ್ನಾಡುವ ಅಧಿಕಾರವಿತ್ತು. ಪಂಚಾಂಗಕರ್ತರ ನಡುವೆಯೇ ಇದ್ದು ಹಾಗೆ ಹೇಳಲು ಸಾಮಾನ್ಯವಾದ ಧೈರ್ಯ ಸಾಲದು.

ಭಾರತೀಯರು ತಾವೇ ನಡೆಸುವ ವೀಕ್ಷಣಾಲಯವೊಂದು ಬೇಕೆಂದು ಅವರು ಕೋರಿದರು. ಆ ಕೋರಿಕೆಯು ಈಡೇರುವ ಮುನ್ನವೇ, 1880ರಲ್ಲಿ ಆಚಾರ್ಯರು ಕಾಲವಾದರು. 2004ರ ಜೂನ್ 8ರಂದು ಶುಕ್ರನು ಮತ್ತೆ ಸೂರ್ಯಬಿಂಬವನ್ನು ಹಾದಾಗ ಬೆಂಗಳೂರಿನ ಜನರೂ ಅದನ್ನು ನೋಡಿದರು. 1874ರ ಬಳಿಕ ಭಾರತದ ಹಗಲಿನಲ್ಲಿ ಕಂಡ ಮೊದಲ ಸಂಕ್ರಮಣವದು.