ರಾಬರ್ಟ್ ಓವೆನ್: ಗದರದೆ ತಿದ್ದಿದ ಧಣಿ

ಆಳು ಮಾಡಿದ್ದು ಹಾಳು ಎಂಬುದು ನಮ್ಮ ಹಿರಿಯರ ಕಾಲದಿಂದ ಬಂದ ಗಾದೆ. ದುಡಿಸುವವನಿಗೂ ದುಡಿಯುವವನಿಗೂ ನಡುವೆ ವಿಶ್ವಾಸವು ಬತ್ತಿಹೋದ ಕಡೆಗಳಲ್ಲಿ ಈ ಗಾದೆ ನಿಜವಾಗುತ್ತದೆ. ಆದರೆ ಆಳು ಕೆಲಸವನ್ನು ಕೆಡಿಸುವುದು ಹುಟ್ಟುಗುಣದಿಂದಲ್ಲ, ಅವನನ್ನು ನಡೆಸಿಕೊಂಡ ರೀತಿಯಿಂದ ಎಂದು ನಂಬಿ, ಆ ನಂಬಿಕೆಯನ್ನು ಕಾಲು ಶತಮಾನದ ಕಾಲ ಒಂದು ಹತ್ತಿಗಿರಣಿಯಲ್ಲಿ ಆಚರಣೆಗೆ ತಂದ ಮಹನೀಯನು ರಾಬರ್ಟ್ ಓವೆನ್.

ಓವೆನ್ನನು 1771ರ ಮೇ 14ರಂದು ವೇಲ್ಸ್ ದೇಶದ ನ್ಯೂಟೌನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ತಂದೆ ಕುದುರೆಯ ಜೀನುಗಳನ್ನು ಮಾಡಿ, ಕಬ್ಬಿಣದ ಸಾಮಾನು ಮಾರಿ ಸಂಸಾರ ಸಾಗಿಸುತ್ತಿದ್ದನು. ಬಾಲಕನು 10ನೆಯ ವಯಸ್ಸಿಗೇ ಮನೆ ಬಿಟ್ಟು, ಸ್ಟ್ಯಾಮ್‌ಫೋರ್ಡಿನ ಬಟ್ಟೆಯಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದನು. ಮುಂದೆ ಮ್ಯಾಂಚೆಸ್ಟರ್ ನಗರಕ್ಕೆ ಬಂದು, ಇಪ್ಪತ್ತರ ಆಸುಪಾಸಿನಲ್ಲಿಯೇ ಡ್ರಿಂಕ್‌ವಾಟರ್ ಎಂಬ ಶ್ರೀಮಂತನ ಗಿರಣಿಗೆ ವ್ಯವಸ್ಥಾಪಕನಾದನು. ಸುಮಾರು 500 ಮಂದಿ ದುಡಿಯುವ ಗಿರಣಿ. ಓವೆನ್ನನಿಗೋ ಅಂಥ ಅಧಿಕಾರದ ಅನುಭವವೇ ಇಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುತ್ತ, ಆರು ವಾರಗಳ ಕಾಲ ಆತನು ಎಲ್ಲವನ್ನೂ ನೋಡಿದನು. ಕೇಳಿದವರಿಗೆ ಹೌದು ಅಥವಾ ಅಲ್ಲ ಎಂದಷ್ಟೇ ಉತ್ತರ. ತಾನಾಗಿ ಒಂದು ಅಪ್ಪಣೆಯನ್ನೂ ಹೊರಡಿಸಲಿಲ್ಲ. ಕೆಲಸದ ಮರ್ಮವೂ ಕೆಲಸಗಾರರ ಮನಸ್ಸೂ ತಿಳಿದ ಮೇಲೆಯೇ ಆಜ್ಞಾಪಿಸಲು ತೊಡಗಿದನು. ಆತನ ಮುಂದಿನ ಯಶಸ್ಸಿಗೆಲ್ಲ ಈ ಆರು ವಾರಗಳ ಮೌನವೇ ತಳಹದಿ.

ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆಯ ನ್ಯೂ ಲ್ಯಾನಾರ್ಕ್ ಗಿರಣಿಗಳನ್ನು ಓವೆನ್ನನು 1799ರಲ್ಲಿ ಪಾಲುದಾರರೊಡಗೂಡಿ ಡೇವಿಡ್ ಡೇಲ್ ಎಂಬ ಉದ್ಯಮಿಯಿಂದ 60,000 ಪೌಂಡುಗಳಿಗೆ ಕೊಂಡು, ಅದೇ ವರ್ಷ ಡೇಲನ ಮಗಳನ್ನು ವರಿಸಿ, 1800ರ ಆರಂಭದಲ್ಲಿ ಆಡಳಿತವನ್ನು ವಹಿಸಿಕೊಂಡನು. ಅಲ್ಲಿ ಕಳ್ಳತನ, ಕುಡಿತ, ಜಗಳ ಹೇರಳವಾಗಿದ್ದವು. ಅನಾಥಾಲಯಗಳಿಂದ ಕರೆತಂದ ನೂರಾರು ಎಳೆಯ ಮಕ್ಕಳು ಯಂತ್ರಗಳ ಮುಂದೆ ಸವೆಯುತ್ತಿದ್ದರು. ಅಂಥ ಮಕ್ಕಳನ್ನು ಇನ್ನು ಕರೆತರಬಾರದೆಂದೂ, 10 ವರ್ಷ ತುಂಬದವರನ್ನು ದುಡಿಸಬಾರದೆಂದೂ ಓವೆನ್ನನು ಕಟ್ಟಳೆ ಮಾಡಿದನು. ಆದರೂ ಜನರು ನಂಬಲಿಲ್ಲ. ಹೊರನಾಡಿನಿಂದ ಬಂದ ಧಣಿಯು ತಮ್ಮನ್ನು ಹಿಂಡಲೆಂದೇ ಬಂದಿದ್ದಾನೆಂದು ಬಗೆದರು.

ಆ ಸಂಶಯವನ್ನು ನೀಗಿದುದು ಉಪದೇಶವಲ್ಲ, ಒಂದು ವಿಪತ್ತು. ಆ ಶತಮಾನದ ಮೊದಲ ದಶಕದಲ್ಲಿ ಅಮೆರಿಕವು ಹತ್ತಿಯ ರಫ್ತನ್ನು ತಡೆದಾಗ ಬೆಲೆಯು ಏರಿ, ಅನೇಕ ಗಿರಣಿಗಳು ಕೆಲಸಗಾರರನ್ನು ಬೀದಿಗೆ ಕಳಿಸಿದವು. ಓವೆನ್ನನೂ ಯಂತ್ರಗಳನ್ನು ನಿಲ್ಲಿಸಿದನು. ಆದರೆ ಅವುಗಳನ್ನು ಶುಚಿಯಾಗಿಟ್ಟುಕೊಳ್ಳುವ ಕೆಲಸವೊಂದನ್ನೇ ವಹಿಸಿ, ನಾಲ್ಕು ತಿಂಗಳು ಎಲ್ಲರಿಗೂ ಪೂರ್ಣ ಕೂಲಿಯನ್ನು ಕೊಟ್ಟನು. ಅದಕ್ಕೆ ತಗಲಿದ ವೆಚ್ಚ 7,000 ಪೌಂಡುಗಳಿಗೂ ಮಿಗಿಲು. ನಷ್ಟದ ಕಾಲದಲ್ಲಿ ಭಾರವನ್ನು ಮೊದಲು ತಾನು ಹೊರುವವನೇ ನಾಯಕನೆಂಬುದು ಜನರಿಗೆ ಆಗ ಮನದಟ್ಟಾಯಿತು.

ಆತನು ತಪ್ಪನ್ನು ತಿದ್ದುವ ಕ್ರಮವೂ ವಿಲಕ್ಷಣವಾಗಿತ್ತು. ಪ್ರತಿಯೊಬ್ಬರ ಬಳಿಯೂ ನಾಲ್ಕು ಮುಖಗಳ ಪುಟ್ಟ ಮರದ ತುಂಡೊಂದನ್ನು ತೂಗುಹಾಕಿಸಿದನು. ಹಿಂದಿನ ದಿನದ ನಡತೆ ಕೆಟ್ಟದ್ದಾದರೆ ಕಪ್ಪು, ಸಾಧಾರಣವಾದರೆ ನೀಲಿ, ಒಳ್ಳೆಯದಾದರೆ ಹಳದಿ, ಅತ್ಯುತ್ತಮವಾದರೆ ಬಿಳಿಯ ಮುಖವು ಎದುರಿಗೆ ಬರುತ್ತಿತ್ತು. ಮೇಲ್ವಿಚಾರಕನ ತೀರ್ಪು ಅನ್ಯಾಯವೆನಿಸಿದವನು ಓವೆನ್ನನಲ್ಲಿಗೇ ಬಂದು ದೂರು ಹೇಳಬಹುದಾಗಿತ್ತು. ಗಿರಣಿಯಲ್ಲಿ ಸುತ್ತುವಾಗ ಆತನು ಕಪ್ಪು ಬಣ್ಣವನ್ನೊಮ್ಮೆ, ಕೆಲಸಗಾರನ ಮುಖವನ್ನೊಮ್ಮೆ ನೋಡಿ ಮುಂದೆ ಸಾಗುವನು, ಬೈಗುಳವಿಲ್ಲ, ಹೊಡೆತವಿಲ್ಲ. ವರ್ಷಗಳು ಉರುಳಿದಂತೆ ಕಪ್ಪು ಕಡಿಮೆಯಾಗಿ ಹಳದಿಯೂ ಬಿಳಿಯೂ ಹೆಚ್ಚಿದವು. ಸದಾ ಎಲ್ಲರ ಕಣ್ಣಿಗೆ ಬೀಳುವ ಈ ಗುರುತಿನಲ್ಲಿ ಒಂದು ಬಗೆಯ ಬಂಧನವೂ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಮಕ್ಕಳ ಬೆನ್ನ ಮೇಲೆ ಬಾರುಕೋಲು ಆಡುತ್ತಿದ್ದ ಆ ಯುಗದಲ್ಲಿ ಮಾನವಂತಿಕೆಯನ್ನು ನಂಬಿ ಆಳಿದುದು ಸಣ್ಣ ಸಂಗತಿಯಲ್ಲ.

ಹಳೆಯ ಪಾಲುದಾರರಿಗೆ ಈ ವೆಚ್ಚಗಳು ಸಹ್ಯವಾಗಲಿಲ್ಲ. 1813ರಲ್ಲಿ ಗಿರಣಿ ಹರಾಜಿಗೆ ಬಂದಾಗ ಓವೆನ್ನನು ಹೊಸ ಪಾಲುದಾರರೊಡನೆ ಅದನ್ನು ಮರಳಿ ಪಡೆದನು. ತತ್ತ್ವಜ್ಞಾನಿ ಜೆರೆಮಿ ಬೆಂಥಮ್ ಅವರಲ್ಲೊಬ್ಬನು. ಹಾಕಿದ ಹಣಕ್ಕೆ ನೂರಕ್ಕೆ 5ರಷ್ಟು ಪ್ರತಿಫಲ ಸಾಕು, ಮಿಕ್ಕುದು ಜನರ ಶಿಕ್ಷಣಕ್ಕೆ ಸಲ್ಲಲಿ ಎಂದು ಅವರು ಒಪ್ಪಿದರು. 1816ರ ಜನವರಿ 1ರಂದು ಗಿರಣಿಯ ಮಗ್ಗುಲಲ್ಲಿಯೇ ವಿದ್ಯಾಮಂದಿರವು ತೆರೆಯಿತು. ನಡೆಯಲು ಬಲ್ಲ ಶಿಶುವಿಗೂ ಅಲ್ಲಿ ಪ್ರವೇಶವಿತ್ತು. ಶಿಶುಗಳಿಗೆ ಉಪಾಧ್ಯಾಯನಾಗಿ ಓವೆನ್ನನು ಆರಿಸಿದುದು ಮಹಾಪಂಡಿತನನ್ನಲ್ಲ. ಜೇಮ್ಸ್ ಬುಕಾನನ್ ಎಂಬ ಬಡ ನೇಕಾರನನ್ನು. ಓದುಬರಹ ಅಷ್ಟಕ್ಕಷ್ಟೇ ಆದರೂ ಮಕ್ಕಳಲ್ಲಿ ಅವನಿಗೆ ಅಪಾರ ತಾಳ್ಮೆಯಿತ್ತು. ಹೊಡೆಯಕೂಡದು, ಹೆದರಿಸಕೂಡದು ಎಂಬುದು ಅವನಿಗೆ ದೊರೆತ ಮೊದಲ ಅಪ್ಪಣೆ. ಅದೇ ವರ್ಷ ದೊಡ್ಡವರ ದುಡಿಮೆಯು ದಿನಕ್ಕೆ ಹತ್ತೂಮುಕ್ಕಾಲು ಗಂಟೆಗೆ ಇಳಿಯಿತು. ಗಿರಣಿಯ ಲಾಭವೇನೂ ಬತ್ತಲಿಲ್ಲ.

ಈ ಕೀರ್ತಿಯೇ ಆತನನ್ನು ದುಡುಕಿಸಿತು. 1825ರಲ್ಲಿ ಅಮೆರಿಕದ ಇಂಡಿಯಾನಾ ಪ್ರಾಂತದಲ್ಲಿ ನ್ಯೂ ಹಾರ್ಮನಿ ಎಂಬ ಊರನ್ನೇ ಕೊಂಡು, ಸಮಾನತೆಯ ಸಮಾಜವನ್ನು ಕಟ್ಟಲು ಹೊರಟನು. ಬಂದವರನ್ನೆಲ್ಲ ಪರೀಕ್ಷಿಸದೆ ಸೇರಿಸಿಕೊಂಡು, ಕೆಲವೇ ತಿಂಗಳಲ್ಲಿ ಬ್ರಿಟನ್ನಿಗೆ ಮರಳಿದನು. ವಿದ್ವಾಂಸರೂ ಸೋಮಾರಿಗಳೂ ಒಂದೇ ಸೂರಿನಡಿ ಕಲೆತು ಕಲಹವಾಡಿದರು. ಕಟ್ಟಳೆಗಳು ಮತ್ತೆ ಮತ್ತೆ ಬದಲಾದವು. 1827ರ ಹೊತ್ತಿಗೆ ಪ್ರಯೋಗವು ಮುರಿದುಬಿದ್ದು, ಓವೆನ್ನನ ಸಂಪತ್ತಿನ ಬಹುಪಾಲು ಕರಗಿತು. ಮ್ಯಾಂಚೆಸ್ಟರಿನಲ್ಲಿ ಆರು ವಾರ ನೋಡಿ ಆಮೇಲೆ ನುಡಿದವನು ಇಲ್ಲಿ ಮೊದಲು ನುಡಿದನು, ನೋಡಲು ನಿಲ್ಲಲಿಲ್ಲ. ನ್ಯೂ ಲ್ಯಾನಾರ್ಕಿನಲ್ಲಿ ಫಲಿಸಿದುದು ಬರಿಯ ನಿಯಮಗಳಲ್ಲ, ಪ್ರತಿದಿನ ಜನರ ನಡುವೆ ನಡೆದಾಡುತ್ತಿದ್ದ ಧಣಿಯ ಸಾನ್ನಿಧ್ಯವೂ ಹೌದೆಂಬುದನ್ನು ಈ ಸೋಲು ತೋರಿಸಿಕೊಟ್ಟಿತು.

ಮುಂದೆಯೂ ಆತನು ಕಾರ್ಮಿಕ ಸಂಘಗಳಿಗಾಗಿ, ಸಹಕಾರ ತತ್ತ್ವಕ್ಕಾಗಿ ಶ್ರಮಿಸಿ, 1858ರ ನವೆಂಬರ್ 17ರಂದು ಹುಟ್ಟೂರಿನಲ್ಲಿಯೇ ಕಣ್ಮುಚ್ಚಿದನು. ನ್ಯೂ ಲ್ಯಾನಾರ್ಕಿನ ಗಿರಣಿಗಳು 1968ರವರೆಗೆ ನಡೆದವು. 2001ರಲ್ಲಿ ಯುನೆಸ್ಕೋ ಆ ಊರನ್ನು ವಿಶ್ವಪರಂಪರೆಯ ತಾಣವೆಂದು ಮನ್ನಿಸಿತು. ಶಾಲೆಯಾಗಲಿ, ಕಾರ್ಖಾನೆಯಾಗಲಿ, ಹತ್ತು ಜನರ ಹೊಣೆ ಹೊತ್ತವರಿಗೆ ಆತನ ಗೆಲುವಿನಷ್ಟೇ ಸೋಲೂ ಪಾಠ. ಜನರನ್ನು ಅರಿಯುವ ಮುನ್ನ ಆಳಲು ಹೊರಡಬಾರದು. ಆಳತೊಡಗಿದ ಮೇಲೆ ಅವರನ್ನು ಬಿಟ್ಟು ದೂರ ನಿಲ್ಲಬಾರದು.