ಹಿಂಬದಿಯ ಹೆಣಿಗೆಗೆ ಬೆನ್ನು ಮಾಡಿದ ಎಲಿಜಬೆತ್ ಜಿಮ್ಮರ್‌ಮನ್

ಉಣ್ಣೆ ಹೆಣೆಯುವವರಲ್ಲಿ ಹಲವರು ಅಂಜುವುದು ಬಟ್ಟೆಯ ಹಿಂಬದಿಗೆ. ಮುಂಬದಿಯಲ್ಲಿ ಹೆಣೆಯುವಾಗ ವಿನ್ಯಾಸ ಕಣ್ಣೆದುರೇ ಅರಳುತ್ತದೆ. ಸಾಲು ಮುಗಿಸಿ ಬಟ್ಟೆಯನ್ನು ತಿರುಗಿಸಿದರೆ ಕಾಣುವುದು ಪರ್ಲ್ ಹೆಣಿಗೆಯ ಉಬ್ಬುಗಳು ಮಾತ್ರ. ಆ ಬದಿಯಿಂದಲೇ ಕುಣಿಕೆಗಳನ್ನು ಕಡಿಮೆ ಮಾಡಿ ಮುಂಬದಿಯಲ್ಲಿ ಅಂದದ ಓರೆಗೆರೆ ಮೂಡಿಸಬೇಕೆಂದರೆ ಅನುಭವಿಗಳ ಕೈಯೂ ಒಂದು ಕ್ಷಣ ತಡೆಯುತ್ತದೆ. ಈ ತೊಡಕನ್ನು ಬಿಡಿಸುವುದಕ್ಕಿಂತ, ಅದು ಹುಟ್ಟುವುದಾದರೂ ಏಕೆ ಎಂದು ಕೇಳಿದವರು ಎಲಿಜಬೆತ್ ಜಿಮ್ಮರ್‌ಮನ್. ಆ ಒಂದು ಪ್ರಶ್ನೆ ಅಮೆರಿಕದ ಸಾವಿರಾರು ಮನೆಗಳಲ್ಲಿ ಹೆಣಿಗೆಯ ರೀತಿಯನ್ನೇ ಬದಲಿಸಿತು.

ಎಲಿಜಬೆತ್ ಜನಿಸಿದ್ದು 1910ರ ಆಗಸ್ಟ್ 9ರಂದು, ಇಂಗ್ಲೆಂಡಿನಲ್ಲಿ. ತಂದೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ಹೆಣಿಗೆಯ ಮೊದಲ ಪಾಠ ತಾಯಿ ಮತ್ತು ಮನೆಯ ಹಿರಿಯ ಹೆಂಗಸರಿಂದ ದೊರೆಯಿತು. ಮುಂದೆ ಮನೆಗೆ ಬಂದ ಸ್ವಿಸ್ ಶಿಕ್ಷಕಿ ದಾರವನ್ನು ಎಡಗೈಯಲ್ಲಿ ಹಿಡಿದು ಹೆಣೆಯುವ ಯೂರೋಪು ಖಂಡದ ಪದ್ಧತಿಯನ್ನು ಕಲಿಸಿದರು. ದಾರವನ್ನು ಬಲಗೈಯಲ್ಲಿ ಹಿಡಿಯುವ ಇಂಗ್ಲಿಷರ ರೂಢಿಗಿಂತ ಇದೇ ಅವರ ಕೈಗೆ ಒಗ್ಗಿತು.

ಕಲಾಭ್ಯಾಸಕ್ಕಾಗಿ ಅವರು ಮೊದಲು ಸ್ವಿಟ್ಜರ್ಲೆಂಡಿಗೆ, ಬಳಿಕ ಜರ್ಮನಿಯ ಮ್ಯೂನಿಕ್ ನಗರಕ್ಕೆ ತೆರಳಿದರು. ಜರ್ಮನಿಯಲ್ಲಿ ಬಿಯರ್ ತಯಾರಿಕೆಯ ತಜ್ಞ ಆರ್ನಾಲ್ಡ್ ಜಿಮ್ಮರ್‌ಮನ್ ಅವರ ಪರಿಚಯವಾಯಿತು. ಹಿಟ್ಲರನ ವಿರುದ್ಧ ಆಡಿದ ಮಾತೊಂದು ಆರ್ನಾಲ್ಡ್ ಅವರಿಗೆ ಮುಳುವಾಗಿ, ತಾಯ್ನಾಡನ್ನೇ ತೊರೆಯಬೇಕಾಯಿತು. 1937ರಲ್ಲಿ ಇಂಗ್ಲೆಂಡಿನಲ್ಲಿ ವಿವಾಹವಾದ ದಂಪತಿ ಅಮೆರಿಕಕ್ಕೆ ವಲಸೆ ಹೋದರು. ಮೂವರು ಮಕ್ಕಳ ಈ ಸಂಸಾರ ಕೊನೆಗೆ ನೆಲೆ ನಿಂತದ್ದು ವಿಸ್ಕಾನ್ಸಿನ್ ರಾಜ್ಯದಲ್ಲಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಎಡಗೈ ಪದ್ಧತಿಗೆ ಜರ್ಮನ್ ಎಂಬ ಹಣೆಪಟ್ಟಿ ಅಂಟಿಕೊಂಡು, ಅದು ಅಮೆರಿಕದಲ್ಲಿ ಮೂಲೆ ಸೇರಿತು. ಜಿಮ್ಮರ್‌ಮನ್ ಮಾತ್ರ ತಾವು ಕಲಿತದ್ದನ್ನು ಬಿಡಲಿಲ್ಲ.

ಬದಲಾದ ವಿವರಣೆ

1950ರ ದಶಕದಲ್ಲಿ ಅವರು ತಮ್ಮದೇ ವಿನ್ಯಾಸದ ಸ್ವೆಟರ್ ಒಂದನ್ನು ಪತ್ರಿಕೆಗೆ ಮಾರಿದರು. ಅದನ್ನು ಅವರು ಹೆಣೆದದ್ದು ಬಾಗುವ ವೃತ್ತಾಕಾರದ ಕಡ್ಡಿಯ ಮೇಲೆ, ಕೊಳವೆಯಂತೆ ಸುತ್ತುಸುತ್ತಾಗಿ. ಅಚ್ಚಾಗುವ ಹೊತ್ತಿಗೆ ಸಂಪಾದಕರು ವಿವರಣೆಯನ್ನು ತಿದ್ದಿ, ಎರಡು ನೇರ ಕಡ್ಡಿಗಳಲ್ಲಿ ಹಿಂದೆ ಮುಂದೆ ಹೆಣೆದು, ತುಂಡುಗಳನ್ನು ಹೊಲಿಯುವಂತೆ ಮಾರ್ಪಡಿಸಿದ್ದರು. ಓದುಗರಿಗೆ ಸುತ್ತು ಹೆಣಿಗೆ ಕಷ್ಟವಾದೀತು ಎಂಬುದು ಆಗಿನ ಸಾಮಾನ್ಯ ನಂಬಿಕೆ.

ಈ ತಿದ್ದುಪಡಿ ಸಣ್ಣದಲ್ಲ. ಸುತ್ತು ಹೆಣಿಗೆಯಲ್ಲಿ ಹೆಣೆಯುವವರ ಕಣ್ಣ ಮುಂದೆ ಸದಾ ಮುಂಬದಿಯೇ ಇರುತ್ತದೆ. ಚಪ್ಪಟೆ ಹೆಣಿಗೆಯಲ್ಲಿ ಪ್ರತಿ ಎರಡನೇ ಸಾಲು ಹಿಂಬದಿಯದು. ಅಲ್ಲಿ ಎರಡು ಕುಣಿಕೆಗಳನ್ನು ಒಟ್ಟಿಗೆ ಪರ್ಲ್ ಮಾಡಿದರೆ ಮುಂಬದಿಯಲ್ಲಿ ಬಲಕ್ಕೆ ವಾಲಿದ ಗೆರೆ ಮೂಡುತ್ತದೆ. ಎಡಕ್ಕೆ ವಾಲಬೇಕಾದರೆ ಎರಡು ಕುಣಿಕೆಗಳನ್ನು ಒಂದೊಂದಾಗಿ ನಿಟ್ ಮಾಡುವಂತೆ ಬಲಗಡ್ಡಿಗೆ ಜಾರಿಸಿ, ಮತ್ತೆ ಎಡಗಡ್ಡಿಗೆ ಮರಳಿಸಿ, ಹಿಂಭಾಗದಿಂದ ಒಟ್ಟಿಗೆ ಪರ್ಲ್ ಮಾಡಬೇಕು. ತೋಳು ಮತ್ತು ಭುಜ ಕೂಡುವೆಡೆ ಜೋಡಿಗೆರೆಗಳು ಒಂದಕ್ಕೊಂದು ಎದುರಾಗಿ ವಾಲಿದರಷ್ಟೇ ಅಂದ. ಒಂದು ಗೆರೆ ತಪ್ಪಿದರೂ ಅದು ಗೊತ್ತಾಗುವುದು ಬಟ್ಟೆ ತಿರುಗಿಸಿದ ಮೇಲೆ.

ಜಿಮ್ಮರ್‌ಮನ್ ಪತ್ರಿಕೆಗಳ ಹಂಗನ್ನೇ ತೊರೆಯಲು ನಿರ್ಧರಿಸಿದರು. 1958ರಲ್ಲಿ ತಮ್ಮದೇ ಸುದ್ದಿಪತ್ರ ಆರಂಭಿಸಿ, ತಾವು ಹೆಣೆದ ಕ್ರಮದಲ್ಲೇ ವಿವರಣೆಗಳನ್ನು ಓದುಗರಿಗೆ ಅಂಚೆಯಲ್ಲಿ ಕಳುಹಿಸತೊಡಗಿದರು. ಮರುವರ್ಷ ಸ್ಕೂಲ್‌ಹೌಸ್ ಪ್ರೆಸ್ ಎಂಬ ಪ್ರಕಾಶನ ಸಂಸ್ಥೆ ತಲೆಯೆತ್ತಿತು. 1960ರ ದಶಕದಲ್ಲಿ ದೂರದರ್ಶನದಲ್ಲೂ ಹೆಣಿಗೆಯ ಪಾಠ ಮಾಡಿದರು.

ಲೆಕ್ಕದ ಸೂತ್ರ

ಅಳತೆಗೆಂದು ಅವರು ಕೊಟ್ಟದ್ದು ಶೇಕಡಾವಾರು ಸೂತ್ರ. ಸ್ವೆಟರಿನ ಮೈಸುತ್ತಳತೆಯ ಕುಣಿಕೆಗಳನ್ನು 100 ಎಂದಿಟ್ಟುಕೊಂಡರೆ ಮುಂಗೈಗೆ 20, ತೋಳಿನ ಮೇಲ್ಭಾಗಕ್ಕೆ ಸುಮಾರು 33, ಕೊರಳಿಗೆ ಸುಮಾರು 40 ಸಾಕು. ಮೈಗೆ 200 ಕುಣಿಕೆಗಳಿದ್ದರೆ ಮುಂಗೈಗೆ 40, ಕೊರಳಿಗೆ 80. ಈ ಲೆಕ್ಕ ತಿಳಿದವರು ಅಚ್ಚಾದ ವಿವರಣೆಗೆ ಜೋತುಬೀಳಬೇಕಿಲ್ಲ. ದುಂಡನೆಯ ಭುಜಪಟ್ಟಿಯ ಸ್ವೆಟರಿನಲ್ಲಿ ಕುಣಿಕೆ ಕಡಿತವೆಲ್ಲ ಕೆಲವೇ ಸುತ್ತುಗಳಲ್ಲಿ, ಅದೂ ಮುಂಬದಿಯಿಂದಲೇ ಮುಗಿದುಹೋಗುತ್ತದೆ.

ಮುಂಭಾಗ ತೆರೆದ ಸ್ವೆಟರಿಗೂ ಅವರು ಹಿಂಬದಿಯ ಸಾಲುಗಳಿಗೆ ಮರಳಲಿಲ್ಲ. ಕೊಳವೆಯಂತೆ ಹೆಣೆದು, ಹೊಲಿಗೆ ಯಂತ್ರದಿಂದ ಭದ್ರಪಡಿಸಿ, ನಡುವೆ ಕತ್ತರಿ ಹಾಕುತ್ತಿದ್ದರು. 1968ರಲ್ಲಿ ರೂಪಿಸಿದ ಶಿಶುವಿನ ಅಂಗಿ ಅವರ ಅತ್ಯಂತ ಹೆಸರಾದ ವಿನ್ಯಾಸಗಳಲ್ಲೊಂದು. ಇದನ್ನು ಹಿಂದೆ ಮುಂದೆಯೇ ಹೆಣೆಯಬೇಕಾದರೂ ಎರಡೂ ಬದಿಗೆ ನಿಟ್ ಹೆಣಿಗೆಯಷ್ಟೇ. ಹೀಗಾಗಿ ಪರ್ಲ್ ಮಾಡುವ ಪ್ರಸಂಗವೇ ಬರುವುದಿಲ್ಲ. ಕಡ್ಡಿಯಿಂದ ತೆಗೆದಾಗ ಆಕಾರವಿಲ್ಲದ ಚಿಂದಿಯಂತೆ ಕಾಣುವ ಬಟ್ಟೆ ಸರಿಯಾಗಿ ಮಡಿಸಿದೊಡನೆ ಪುಟ್ಟ ಅಂಗಿಯಾಗುತ್ತದೆ.

1971ರಲ್ಲಿ ಹೊರಬಂದ 'ನಿಟಿಂಗ್ ವಿದೌಟ್ ಟಿಯರ್ಸ್' ಅವರಿಗೆ ವ್ಯಾಪಕ ಹೆಸರು ತಂದಿತು. 1974ರಲ್ಲಿ 'ನಿಟರ್ಸ್ ಆಲ್ಮನಾಕ್' ಪ್ರಕಟವಾಯಿತು. ಹೆಣಿಗೆ ಶಿಬಿರಗಳೂ ಅದೇ ದಶಕದಲ್ಲಿ ಆರಂಭವಾದವು. ಇಷ್ಟಾದರೂ ತಮ್ಮ ತಂತ್ರಗಳನ್ನು ಹೊಸ ಸಂಶೋಧನೆ ಎಂದು ಅವರು ಹೇಳಿಕೊಳ್ಳಲಿಲ್ಲ. ಶತಮಾನಗಳ ಈ ಕಸುಬಿನಲ್ಲಿ ಯಾರೋ ಎಂದೋ ಕಂಡುಕೊಂಡದ್ದು ತಮ್ಮ ಕೈಗೆ ಮತ್ತೆ ಸಿಕ್ಕಿದೆ ಎಂಬುದೇ ಅವರ ನಿಲುವಾಗಿತ್ತು.

1999ರ ನವೆಂಬರ್ 30ರಂದು, 89ನೇ ವಯಸ್ಸಿನಲ್ಲಿ ಜಿಮ್ಮರ್‌ಮನ್ ವಿಸ್ಕಾನ್ಸಿನ್‌ನಲ್ಲಿ ನಿಧನರಾದರು. ಅವರ ಕಾರ್ಯವನ್ನು ಮಗಳು ಮೆಗ್ ಸ್ವಾನ್ಸನ್ ಮುಂದುವರಿಸಿದರು. ಚಪ್ಪಟೆ ಹೆಣಿಗೆಯೇನೂ ಕಣ್ಮರೆಯಾಗಿಲ್ಲ. ಹಿಂಬದಿಯಿಂದ ಓರೆಗೆರೆ ಮೂಡಿಸುವ ಜಾಣ್ಮೆ ಈಗಲೂ ಬೇಕು. ಆದರೆ ಆ ಹಾದಿಯನ್ನು ಹಿಡಿಯಬೇಕೋ ಬೇಡವೋ ಎಂಬ ತೀರ್ಮಾನ ವಿವರಣೆ ಅಚ್ಚು ಹಾಕಿದವರದಲ್ಲ, ಕಡ್ಡಿ ಹಿಡಿದವರದು. ಜಿಮ್ಮರ್‌ಮನ್ ಹೆಣೆಯುವವರಿಗೆ ಮರಳಿ ಕೊಡಿಸಿದ್ದು ಆ ಅಧಿಕಾರವನ್ನು.