ತಂಬೂರಿ ಕಲಿಸಿದ ಪಾಠ: ಉಸ್ತಾದ್ ಅಬ್ದುಲ್ ಕರೀಂ ಖಾನ್

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ಹೈದರಾಬಾದಿನ ನಮ್ಮ ಮಾಮು ಮಗ ತನ್ನ ಹಳೆಯ ಗಿಟಾರ್ ಪೆಡಲನ್ನು ನನಗೆ ಕೊಟ್ಟ. ನೋಡಲು ಟಿಫಿನ್ ಡಬ್ಬಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಒಂದು ಕಡೆ ಗಿಟಾರಿನ ವೈರು, ಇನ್ನೊಂದು ಕಡೆ ಸ್ಪೀಕರಿನ ವೈರು. ಮೇಲೆ ಕಾಲಿನಿಂದ ಒತ್ತುವ ಮೂರು ಗುಂಡಿಗಳು. ಗಿಟಾರಿನ ದನಿಯನ್ನು ಅದು ಅಂಕಿಗಳಾಗಿ ಮಾಡಿಕೊಂಡು ಬೇರೆ ಬೇರೆ ಆಂಪ್ಲಿಫೈಯರಿನ ದನಿಯಂತೆ ತಿರುಗಿಸಿ ಕೊಡುತ್ತದೆ. ಇದಕ್ಕೆ ಮಾಡೆಲಿಂಗ್ ಎನ್ನುತ್ತಾರೆ. ಸಿಂಥಸೈಜರ್ ಗುಂಡಿ ಒತ್ತಿದರೆ ಅದೇ ತಂತಿ ಪಿಟೀಲಾಗುತ್ತದೆ, ಕೊಳಲಾಗುತ್ತದೆ, ಸಿತಾರ್ ಕೂಡ ಆಗುತ್ತದೆ. ನೂರು ದನಿಗಳಿದ್ದವು. ಒಂದು ತಿಂಗಳು ಗಿಟಾರ್ ನುಡಿಸುವುದಕ್ಕಿಂತ ಗುಂಡಿ ಒತ್ತುವುದೇ ಹೆಚ್ಚಾಯಿತು. ಅಮ್ಮಿ ಬೈದರು. ಸೆಕೆಂಡ್ ಇಯರ್ ಪುಸ್ತಕ ತೆಗೆದು ನೋಡು ಅಂದರು. ಅಬ್ಬಾ ಏನೂ ಹೇಳಲಿಲ್ಲ. ಆದರೆ ಒಂದು ದಿನ, ಇಷ್ಟೆಲ್ಲ ದನಿಗಳಲ್ಲಿ ನಿನ್ನದು ಯಾವುದು ಎಂದು ಕೇಳಿ ಅಂಗಡಿಗೆ ಹೋದರು. ನನಗೆ ಉತ್ತರ ಗೊತ್ತಿರಲಿಲ್ಲ.

ಕಾಲೇಜಿನ ವಾರ್ಷಿಕೋತ್ಸವಕ್ಕೆ ನನ್ನ ಗೆಳೆಯ ಹಾಡುವುದು, ನಾನು ಪೆಡಲ್ ಹಾಕಿ ಗಿಟಾರ್ ನುಡಿಸುವುದು ಎಂದು ಮಾತಾಗಿತ್ತು. ಅವನ ಮನೆ ಹುಮನಾಬಾದಿನಲ್ಲಿ, ನಮ್ಮದು ಬಸವಕಲ್ಯಾಣದಲ್ಲಿ. ಭಾನುವಾರ ಭಾನುವಾರ ಬಸ್ಸಿನಲ್ಲಿ ಗಿಟಾರ್ ಹೊತ್ತುಕೊಂಡು ಹೋಗುತ್ತಿದ್ದೆ. ಅವನ ಅಜ್ಜ ಮಾಣಿಕನಗರದ ಭಜನೆಗಳಲ್ಲಿ ಹಾಡಿದವರು. ಮೊದಲ ದಿನವೇ ನಮ್ಮನ್ನು ನಿಲ್ಲಿಸಿದರು. ಮೊಮ್ಮಗ ಹಿಡಿಯುವ ಗಾಂಧಾರಕ್ಕೂ ನನ್ನ ಪೆಟ್ಟಿಗೆ ಕೊಡುವ ಗಾಂಧಾರಕ್ಕೂ ಜಗಳವಿದೆ ಎಂದರು. ಪೆಡಲಿನ ಟ್ಯೂನರ್‌ನಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅದನ್ನು ತೋರಿಸಿದೆ. ಅಜ್ಜ ದೀಪ ನೋಡಲಿಲ್ಲ. ಮೂಲೆಯಲ್ಲಿದ್ದ ತಂಬೂರಿ ತಂದು ಶ್ರುತಿ ಮಾಡಿ ನಿಧಾನವಾಗಿ ಮೀಟಿದರು. ಅದರಲ್ಲಿ ಪಂಚಮದ ತಂತಿ ಒಂದು, ಉಳಿದ ಮೂರೂ ಷಡ್ಜ. ಗಾಂಧಾರದ ತಂತಿಯೇ ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ಗಾಂಧಾರ ಕೇಳತೊಡಗಿತು. ನನಗೆ ಮೈ ಜುಮ್ ಎಂದಿತು. ತಂಬೂರಿ ಹೇಗೆ ಮಾತಾಡುತ್ತದೆ ಎಂದು ತಿಳಿಯಬೇಕಾದರೆ ಅಬ್ದುಲ್ ಕರೀಂ ಖಾನ್ ಸಾಹೇಬರನ್ನು ಕೇಳು ಎಂದು ಅಜ್ಜ ಹೇಳಿದರು. ಹಾಗೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಖಾನ್ ಸಾಹೇಬರು ಹುಟ್ಟಿದ್ದು 1872ರ ನವೆಂಬರ್ 11ರಂದು, ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ. ಕಿರಾಣಾ ಘರಾಣೆ ಎಂಬ ಹೆಸರು ಬಂದದ್ದು ಆ ಊರಿನಿಂದಲೇ. ತಂದೆ ಕಾಲೇ ಖಾನ್, ಚಿಕ್ಕಪ್ಪ ಅಬ್ದುಲ್ಲಾ ಖಾನ್. ಮನೆತನವೇ ಗಾಯಕರದ್ದು, ಸಾರಂಗಿ ವಾದಕರದ್ದು. ಬಾಲಕ ಕರೀಂ ಹಾಡುವುದರ ಜೊತೆಗೆ ಸಾರಂಗಿ, ಬೀನ್, ಸಿತಾರ್, ತಬಲಾಗಳ ಮೇಲೂ ಕೈ ಆಡಿಸಿದ್ದ. ವಾದ್ಯಗಳ ಒಳಗುಟ್ಟು ಅವರಿಗೆ ಹೀಗೆ ಚಿಕ್ಕಂದಿನಲ್ಲೇ ತಿಳಿಯಿತು. ಮುಂದೆ ದೊಡ್ಡ ಗವಾಯಿಯಾದ ಮೇಲೂ ವಾದ್ಯಗಳ ರಿಪೇರಿಯನ್ನು ತಾವೇ ಮಾಡುತ್ತಿದ್ದರು. ಅದಕ್ಕೆ ಬೇಕಾದ ಸಾಮಾನು ಅವರ ಜೊತೆಯಲ್ಲಿಯೇ ಇರುತ್ತಿತ್ತು.

1890ರ ದಶಕದಲ್ಲಿ ತಮ್ಮ ಅಬ್ದುಲ್ ಹಕ್‌ನ ಜೊತೆ ಹಾಡುತ್ತ ಬಡೋದೆಗೆ ಬಂದು ಸಯಾಜಿರಾವ್ ಗಾಯಕವಾಡರ ಆಸ್ಥಾನದಲ್ಲಿ ನೆಲೆ ನಿಂತರು. ಅಲ್ಲಿ ಸರದಾರ್ ಮನೆತನದ ತಾರಾಬಾಯಿ ಮಾನೆ ಅವರಿಗೆ ಸಂಗೀತ ಕಲಿಸುತ್ತಿದ್ದರು. ಇಬ್ಬರೂ ಮದುವೆಯಾಗಲು ನಿರ್ಧರಿಸಿದಾಗ ಬಡೋದೆಯಲ್ಲಿ ಉಳಿಯುವ ಹಾಗಿರಲಿಲ್ಲ. ಆಸ್ಥಾನದ ಸಂಬಳ, ಮರ್ಯಾದೆ ಎಲ್ಲ ಬಿಟ್ಟು ಮುಂಬಯಿಗೆ ಹೊರಟರು. ಅರಮನೆಯ ಗಾಯಕ ಈಗ ಊರೂರು ತಿರುಗಿ ಹೊಟ್ಟೆ ಹೊರೆಯಬೇಕಾಯಿತು.

ಆ ತಿರುಗಾಟವೇ ಅವರನ್ನು ನಮ್ಮ ಕನ್ನಡ ನಾಡಿಗೆ ತಂದಿತು. ಮೈಸೂರು ಅರಮನೆಯಿಂದ ಅವರಿಗೆ ಮತ್ತೆ ಮತ್ತೆ ಕರೆ ಬರುತ್ತಿತ್ತು. ಮಿರಜಿನ ಕಡೆಯಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಲ್ಲಿ ಇಳಿಯುತ್ತಿದ್ದರು. ಧಾರವಾಡದಲ್ಲಿ ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತ ಕೇಳಲು ಅವರ ಮನೆಗೇ ಹೋಗುತ್ತಿದ್ದರು. ಉತ್ತರದ ಉಸ್ತಾದರು ದಕ್ಷಿಣದ ಸಂಗೀತವನ್ನು ಮನಸ್ಸಿಟ್ಟು ಕಲಿಯುವುದು ಆ ಕಾಲಕ್ಕೆ ಅಪರೂಪ. ಇವರು ಕಲಿತರು. ತ್ಯಾಗರಾಜರ ಕೃತಿಯೊಂದನ್ನು ಗ್ರಾಮಫೋನಿಗೂ ಹಾಡಿದರು. ಅವರ ಹಾಡಿಕೆಯಲ್ಲಿ ಸರಿಗಮ ಹೇಳುವ ಕ್ರಮಕ್ಕೆ ಕರ್ನಾಟಕ ಸಂಗೀತದ ಪ್ರಭಾವವೇ ಕಾರಣ ಎಂದು ಬಲ್ಲವರು ಹೇಳುತ್ತಾರೆ.

ಕುಂದಗೋಳದಲ್ಲಿ ಅವರಿಗೆ ಒಬ್ಬ ಶಿಷ್ಯ ಸಿಕ್ಕ. ಹೆಸರು ರಾಮಭಾವು. ಮುಂದೆ ಸವಾಯಿ ಗಂಧರ್ವ ಎಂದು ಪ್ರಸಿದ್ಧರಾದವರು. ಹುಡುಗನಾಗಿದ್ದಾಗ ಇಂಪಾಗಿದ್ದ ರಾಮಭಾವುವಿನ ಕಂಠ ವಯಸ್ಸಿಗೆ ಬರುತ್ತಿದ್ದಂತೆ ಒಡೆದು ಗಡುಸಾಯಿತು. ನಮ್ಮಲ್ಲಿ ಎಷ್ಟೋ ಹುಡುಗರು ಹಾಡುವುದನ್ನು ಬಿಡುವುದು ಇದೇ ವಯಸ್ಸಿನಲ್ಲಿ. ಆದರೆ ಈ ಗುರು ಶಿಷ್ಯನನ್ನು ಕೈಬಿಡಲಿಲ್ಲ, ಶಿಷ್ಯನೂ ರಿಯಾಜ್ ಬಿಡಲಿಲ್ಲ. ಒಂದೊಂದು ಸ್ವರದ ಮೇಲೆ ತಿಂಗಳುಗಟ್ಟಲೆ ನಿಂತು ಆ ಗಡಸು ಕಂಠವನ್ನೇ ಪಳಗಿಸಿಕೊಂಡ. ಸವಾಯಿ ಗಂಧರ್ವರಿಂದ ಕಲಿತವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್. ಕೈರಾನಾದ ಸಂಗೀತ ಧಾರವಾಡದ ಮಣ್ಣಿನಲ್ಲಿ ಬೇರು ಬಿಟ್ಟದ್ದು ಹೀಗೆ.

1913ರಲ್ಲಿ ಖಾನ್ ಸಾಹೇಬರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಉಸ್ತಾದರು ವಿದ್ಯೆಯನ್ನು ಮನೆಯವರಿಗೆ ಮಾತ್ರ ಕೊಡುತ್ತಿದ್ದ ಕಾಲ ಅದು. ಇವರು ಜಾತಿ ಧರ್ಮ ನೋಡದೆ ಬಂದವರಿಗೆ ಕಲಿಸಿದರು. ಬಡ ಮಕ್ಕಳಿಗೆ ಶಾಲೆಯಲ್ಲೇ ಊಟ, ವಸತಿ. ಖರ್ಚಿಗೆ ತಾವೇ ಕಚೇರಿ ಮಾಡಿ ಹಣ ತರಬೇಕಾಗಿತ್ತು.

ನನ್ನ ಪೆಡಲಿಗೆ ಹತ್ತಿರವಾದ ಸಂಗತಿ ಇದೇ ಸುಮಾರಿನದು. ಸಾಂಗಲಿಯ ಕೆ. ಬಿ. ದೇವಲ್ ಎಂಬ ನಿವೃತ್ತ ಅಧಿಕಾರಿ, ಇ. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಜಿಲ್ಲಾ ನ್ಯಾಯಾಧೀಶ ಇಬ್ಬರೂ ನಮ್ಮ ಸಂಗೀತದ 22 ಶ್ರುತಿಗಳನ್ನು ಅಳತೆ ಮಾಡಿ ತೋರಿಸಬೇಕು ಎಂದು ಹೊರಟಿದ್ದರು. ಅಳೆಯಬೇಕಾದರೆ ಅಲುಗಾಡದೆ ನಿಲ್ಲುವ ಸ್ವರ ಬೇಕು. ಆ ಸ್ವರ ಕೊಟ್ಟವರು ಅಬ್ದುಲ್ ಕರೀಂ ಖಾನರು. ಈ ಕೆಲಸದಿಂದ 22 ಶ್ರುತಿಗಳ ಒಂದು ಹಾರ್ಮೋನಿಯಂ ತಯಾರಾಯಿತು. 1916ರಲ್ಲಿ ಬಡೋದೆಯ ಸಂಗೀತ ಸಮ್ಮೇಳನದಲ್ಲಿ ಅದರ ಮೇಲೆ ಚರ್ಚೆ ನಡೆಯಿತು. ಪಂಡಿತರು ಒಪ್ಪಲಿಲ್ಲ. ಆ ಪೆಟ್ಟಿಗೆ ಬಳಕೆಗೆ ಬರಲಿಲ್ಲ.

ಅವರು ಅಳೆಯಲು ಹೊರಟದ್ದು ಏನು ಎಂಬುದನ್ನು ನಮ್ಮ ಭೌತಶಾಸ್ತ್ರದ ಪಾಠದಿಂದಲೇ ತಿಳಿಯಬಹುದು. ಷಡ್ಜ ಸೆಕೆಂಡಿಗೆ 200 ಕಂಪನ ಎಂದು ಇಟ್ಟುಕೊಳ್ಳಿ. ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರದ ಲೆಕ್ಕ ಐದಕ್ಕೆ ನಾಲ್ಕು, ಅಂದರೆ 250. ಗಿಟಾರಿನ ಮನೆಗಳನ್ನು ಒಂದು ಸಪ್ತಕಕ್ಕೆ 12 ಸಮ ಭಾಗ ಎಂದು ಹಂಚಿರುತ್ತಾರೆ. ಆ ಲೆಕ್ಕದಲ್ಲಿ ಗಾಂಧಾರ ಸುಮಾರು 252. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡು ಸಲ ದನಿ ಏರಿ ಇಳಿಯುತ್ತದೆ. ಪ್ರಥಮ ಪಿಯುಸಿಯಲ್ಲಿ ಓದಿದ ಬೀಟ್ಸ್ ಎಂದರೆ ಇದೇ. ಅಜ್ಜ ಹೇಳಿದ ಜಗಳವೂ ಇದೇ. ನನ್ನ ಟ್ಯೂನರಿನ ಹಸಿರು ದೀಪ ಸುಳ್ಳು ಹೇಳಿರಲಿಲ್ಲ. ಅದು 12 ಭಾಗಗಳ ಲೆಕ್ಕದಲ್ಲಿ ಸರಿ ಇತ್ತು, ಅಷ್ಟೆ.

ಇನ್ನೊಂದು ಮಾತು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ಹತ್ತಿ ದಾರ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಮಂಕಾಗಿದ್ದ ತಂತಿ ಜೇನ್ನೊಣದಂತೆ ಗುಂಯ್‌ಗುಡುತ್ತದೆ. ಇದಕ್ಕೆ ಜವಾರಿ ಎನ್ನುತ್ತಾರೆ. ಕರೆಂಟಿಲ್ಲದ, ಗುಂಡಿಯಿಲ್ಲದ ಎಫೆಕ್ಟ್ ಪೆಡಲ್ ಇದು. ಖಾನ್ ಸಾಹೇಬರು ತಂಬೂರಿಗಳನ್ನು ಕೂಡಿಸುವುದರಲ್ಲಿ ಎತ್ತಿದ ಕೈ. ಎರಡು ತಂಬೂರಿಗಳ ನಡುವೆ ಕುಳಿತು, ಅವೆರಡೂ ಒಂದಾಗುವವರೆಗೆ ಬಾಯಿ ತೆರೆಯುತ್ತಿರಲಿಲ್ಲ. ಅವರ ದನಿ ದೊಡ್ಡದಲ್ಲ. ತೆಳುವಾದ, ಎತ್ತರದ ದನಿ. ತಂಬೂರಿಯ ದನಿಯಲ್ಲಿ ಬೆರೆತರೆ ಎಲ್ಲಿ ವಾದ್ಯ ಮುಗಿಯಿತು, ಎಲ್ಲಿ ಮನುಷ್ಯ ಶುರುವಾದ ಎಂದು ತಿಳಿಯುವುದಿಲ್ಲ.

ಮಿರಜ್ ಅವರಿಗೆ ತವರಾಯಿತು. ಅಲ್ಲಿ ಹಜರತ್ ಖ್ವಾಜಾ ಮೀರಾ ಸಾಹೇಬರ ದರ್ಗಾ ಇದೆ. ಪ್ಲೇಗ್ ಬಂದು ಬದುಕುವ ಆಸೆ ಬಿಟ್ಟಿದ್ದಾಗ ಆ ದರ್ಗಾದಲ್ಲಿ ಕುಳಿತು ಹಾಡಿ ಗುಣಮುಖರಾದರು ಎಂದು ಅಲ್ಲಿನ ಜನ ಹೇಳುತ್ತಾರೆ. ಆ ಉರುಸಿನಲ್ಲಿ ಹಾಡುವುದನ್ನು ಅವರು ಸೇವೆ ಎಂದೇ ತಿಳಿದಿದ್ದರು. ತಂಬೂರಿ, ಸಿತಾರ್ ತಯಾರಿಸುವ ಕುಶಲ ಮನೆತನಗಳೂ ಮಿರಜಿನಲ್ಲೇ ಇವೆ.

ಸುಖದ ಜೀವನ ಅಂತ ಹೇಳಲಾಗದು. 1922ರ ಸುಮಾರಿಗೆ ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಮಕ್ಕಳ ಹೆಸರುಗಳೂ ಬದಲಾದವು. ಮಗ ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆ ಆದರು. ಚಂಪಾಕಲಿ ಹೀರಾಬಾಯಿ ಬಡೋದೇಕರ್ ಆದರು, ಸಕೀನಾ ಸರಸ್ವತಿ ರಾಣೆ ಆದರು. ಮೂವರೂ ಹೆಸರಾಂತ ಕಲಾವಿದರು. ಊರ ಮಕ್ಕಳನ್ನೆಲ್ಲ ಶಾಲೆಯಲ್ಲಿ ಸಾಕಿದ ತಂದೆಗೆ ತನ್ನ ಮಕ್ಕಳು ಬೆಳೆದು ದೊಡ್ಡವರಾಗುವುದನ್ನು ದೂರದಿಂದ ನೋಡಬೇಕಾಯಿತು. ಅವರ ರಾಗದಲ್ಲಿ ಕೇಳುವ ನೋವಿಗೆ ಇದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಕೇಳುವಾಗ ಇದು ನೆನಪಾಗುತ್ತದೆ.

ಯಂತ್ರಗಳನ್ನು ಕಂಡರೆ ಅವರು ಹೆದರಿದವರಲ್ಲ. 1905ರಷ್ಟು ಹಿಂದೆಯೇ ಗ್ರಾಮಫೋನಿಗೆ ಹಾಡಿದರು, 1930ರ ದಶಕದಲ್ಲಿ ಮತ್ತೆ ಹಾಡಿದರು. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷದ ತಟ್ಟೆಗೆ ಇಳಿಸಿದರು. ಗದಗಿನಲ್ಲಿ ಶಾಲಾ ಹುಡುಗನೊಬ್ಬ ಅಂಗಡಿಯ ಮುಂದೆ ನಿಂತು ಅವರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿದ. ಹಾಗೆ ಹಾಡಬೇಕೆಂಬ ಹಟ ಹಿಡಿದು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಆ ಹುಡುಗನೇ ಭೀಮಸೇನ ಜೋಶಿ. ಒಂದು ಯಂತ್ರ ಮಾಡಿದ ಕೆಲಸ ಇದು.

1937ರ ಅಕ್ಟೋಬರ್. ಮದರಾಸಿನಲ್ಲಿ ಕಚೇರಿ ಮುಗಿಸಿ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೆ ಹಾಸಿಗೆ ಹಾಸಿದರು. ನಮಾಜ್ ಮಾಡಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ಕಲಿಮಾ ಹೇಳುತ್ತ 27ರಂದು ಕಣ್ಣು ಮುಚ್ಚಿದರು ಎಂದು ಶಿಷ್ಯವರ್ಗ ಹೇಳಿಕೊಂಡು ಬಂದಿದೆ. 65 ತುಂಬಲು ಎರಡು ವಾರ ಬಾಕಿ ಇತ್ತು. ಮಿರಜಿನ ಅದೇ ದರ್ಗಾದ ಆವರಣದಲ್ಲಿ ಅವರ ಮಜಾರ್ ಇದೆ. ಉರುಸಿನ ವೇಳೆ ಅವರ ನೆನಪಿನಲ್ಲಿ ಕಲಾವಿದರು ಇಂದಿಗೂ ಬಂದು ಹಾಡುತ್ತಾರೆ.

ನಮ್ಮ ಊರುಗಳಿಗೆ ಈ ಮಾತು ಹೊಸದಲ್ಲ. ಇದೇ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಹಾಡಿಗೂ ವಾದ್ಯಗಳಿಗೂ ಬೇರೆ ಬೇರೆ ಅಧ್ಯಾಯಗಳಿವೆ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳ ದರ್ಬಾರಿಗೆ ಹಿಂದೂ ಮುಸ್ಲಿಂ ಎನ್ನದೆ ಗಾಯಕರು ಬರುತ್ತಿದ್ದರು. ದತ್ತ ಜಯಂತಿಗೆ ಮಾಣಿಕನಗರದಲ್ಲಿ ಈಗಲೂ ಸಂಗೀತ ಇರುತ್ತದೆ. ನಾನು ಇದನ್ನೆಲ್ಲ ದಾಟಿಕೊಂಡೇ ಪ್ರತಿ ವಾರ ಬಸ್ಸಿನಲ್ಲಿ ಹೋಗುತ್ತಿದ್ದೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು.

ಪೆಡಲನ್ನು ನಾನು ಬಿಟ್ಟಿಲ್ಲ. ವಾರ್ಷಿಕೋತ್ಸವದ ದಿನ ಅದರಲ್ಲಿ ಒಂದೇ ದನಿ ಇಟ್ಟುಕೊಂಡೆ. ಷಡ್ಜ, ಪಂಚಮ ಮಾತ್ರ ನಿಲ್ಲಿಸಿ ಗಾಂಧಾರವನ್ನು ಗೆಳೆಯನ ಕಂಠಕ್ಕೆ ಬಿಟ್ಟೆ. ಗಿಟಾರಿನ ಪಂಚಮಕ್ಕೂ ತಂಬೂರಿಯ ಪಂಚಮಕ್ಕೂ ಇರುವ ವ್ಯತ್ಯಾಸ ಬಹಳ ಕಡಿಮೆ, ಜಗಳ ಬರುವುದಿಲ್ಲ. ಮಂದ್ರದ ತಂತಿ ಮೀಟಿದಾಗ ಸಿಂಥಸೈಜರ್ ಸ್ವಲ್ಪ ತಡವಾಗಿ ನುಡಿಯುತ್ತದೆ. ಸೆಕೆಂಡಿಗೆ 82 ಕಂಪನದ ಆ ತಂತಿಯ ಒಂದು ಕಂಪನಕ್ಕೇ 12 ಮಿಲಿಸೆಕೆಂಡ್ ಬೇಕು. ಒಂದೆರಡು ಕಂಪನ ಕೇಳಿಸಿಕೊಂಡ ಮೇಲೆಯೇ ಯಂತ್ರಕ್ಕೂ ಸ್ವರ ಯಾವುದೆಂದು ತಿಳಿಯುತ್ತದೆ. ಅದೂ ಮೊದಲು ಕೇಳಿಸಿಕೊಳ್ಳುತ್ತದೆ, ಆಮೇಲೆ ಮಾತಾಡುತ್ತದೆ.

ಸಿತಾರ್ ದನಿ ಯಾಕೆ ಬರಲಿಲ್ಲ ಎಂದು ಕೆಲವು ಗೆಳೆಯರು ಬೇಜಾರು ಮಾಡಿಕೊಂಡರು. ಅಬ್ಬಾ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅವರ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಪೂರ್ತಿ ಉತ್ತರವಿಲ್ಲ. ನನ್ನ ದನಿ ಯಾವುದು ಎಂದು ತಿಳಿಯಲು ಮೊದಲು ಒಂದು ಷಡ್ಜದ ಮೇಲೆ ನಿಲ್ಲುವುದನ್ನು ಕಲಿಯಬೇಕು ಎಂಬಷ್ಟು ಮಾತ್ರ ಗೊತ್ತಾಗಿದೆ. ಖಾನ್ ಸಾಹೇಬರು ಜೀವನವಿಡೀ ಮಾಡಿದ್ದು ಅದನ್ನೇ. ಪರೀಕ್ಷೆ ಮುಗಿದ ಮೇಲೆ ಹುಮನಾಬಾದಿಗೆ ಹೋಗಿ ಅಜ್ಜನ ಹತ್ತಿರ ತಂಬೂರಿ ಕೂಡಿಸುವುದನ್ನು ಕಲಿಯಬೇಕೆಂದಿದ್ದೇನೆ. ಯಾರಿಗಾದರೂ ಆಸಕ್ತಿ ಇದ್ದರೆ ಜೊತೆಗೆ ಬನ್ನಿ.